ಕುಕ್ಕರಿನೊಳಗಿನ ಪಿಸ್ತೂಲು

ಅಲ್ಲ ಅನನ್ಯಾ, ಆ ವಿಡಿಯೋದಲ್ಲಿ ಗಡ್ಡದವ ಈಗ ಎಂತ ಹೇಳಿದ? ರೇಟು ಕಡಿಮೆ, ಆದ್ರೆ ಕೈ ಕೊಡೂದಿಲ್ಲ ಅಂತ ಹೇಳಿದ್ದಲ್ವಾ? ಐನೂರು ಗುಂಡು ಹಾರಿಸಿ ನೋಡಿದ್ದಂತೆ, ಒಂದು ಸಲವೂ ಒಳಗೆ ಸಿಕ್ಕಿಹಾಕಿಕೊಳ್ಳಲಿಲ್ಲವಂತೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲವಂತೆ. ಬಂದ್ ಮಾಡು ಮಾರಾಯ್ತಿ ಅದನ್ನು. ಏನು? ‘ಅಜ್ಜಾ, ಅದು ಡ್ಯಾಡಿ ಸರ್ಚ್ ಮಾಡಿದ್ದು, ನಾಟ್ ಮೀ’ ಅಂತೀಯಾ? ಗೊತ್ತುಂಟು ನಂಗೆ. ನಾನು ವಿಸಿಟ್ ವೀಸಾದಲ್ಲಿ ಬಂದು ಹತ್ತು ದಿನ ಆಯ್ತು, ಹತ್ತು ದಿನವೂ ನಿನ್ನ ಅಪ್ಪ ಊಟ ಆದ್ಮೇಲೆ ಇದನ್ನೇ ನೋಡೂದು. ಬರುವ ತಿಂಗಳು ನೀವೆಲ್ಲ ಕುವೈತ್ ಬಿಟ್ಟು ಟೆಕ್ಸಾಸಿಗೆ ಹೋಗ್ತೀರಿ, ಅಲ್ಲಿ ಪಿಸ್ತೂಲು ಅಂಗಡಿಯಲ್ಲೇ ಸಿಗ್ತದಂತೆ, ಮನೆಯ ಸೇಫ್ಟಿಗೆ ಅಗ್ಗದ್ದೊಂದು ತಗೊಂಡಿಟ್ರೆ ಒಳ್ಳೇದಂತೆ. ಹತ್ತು ದಿನದಿಂದ ನಂಗೆ ಅನ್ನ ಇಳೀತಾ ಇಲ್ಲ. ಅವರು ಅಳಿಯಂದಿರು, ಅವರ ಮುಖ ನೋಡಿ ‘ಬೇಡ’ ಅಂತ ಹೇಳ್ಲಿಕ್ಕೆ ಆಗ್ತದಾ? ನಮ್ಮಲ್ಲಿ ಹಾಗೆ ಹೇಳುವ ಕ್ರಮ ಇಲ್ಲ. ಹಾಗಾಗಿ ನಿಂಗೆ ಹೇಳ್ತೇನೆ. ಸ್ವಲ್ಪ ಗಟ್ಟಿಯಾಗಿಯೇ ಹೇಳ್ತೇನೆ. ಬಾಲ್ಕನಿ ಬಾಗಿಲು ತೆರೆದೇ ಇರ್ಲಿ, ಒಳಗೆ ಕಾರ್ಟನ್‌ಗೆ ಟೇಪ್ ಹಾಕುವವರಿಗೂ ಕೇಳ್ಲಿ. ನಿನ್ನ ಪುಟ್ಟ ತಂಗಿ ಚಿನ್ನು ಎಲ್ಲಿ? ಅಲ್ಲೇ ಉಂಟಲ್ಲ, ಕಣ್ಣಿಗೆ ಕಾಣುವಲ್ಲಿ? ಸರಿ.

ನಿಂಗೆ ಆಗ ನಾಕು ವರ್ಷ. ಇಲ್ಲ ಇಲ್ಲ, ನಾಕು ತುಂಬಿರ್ಲಿಲ್ಲ, ಆ ರಂಜಾನ್ ಕಳೆದ ಮೇಲೆ ತುಂಬಿದ್ದು. ನಾನು ಮೀನಾ ಅಬ್ದುಲ್ಲಾದಲ್ಲಿ ಒಂದು ಕಾಂಟ್ರಾಕ್ಟ್ ಕಂಪೆನಿಯಲ್ಲಿ ಸ್ಟೋರ್‌ಕೀಪರ್, ಪೈಪು, ವಾಲ್ವು, ಬೋಲ್ಟು, ಅದೇ ನನ್ನ ಪ್ರಪಂಚ. ನಾನೂ ನಿನ್ನ ಅಜ್ಜಿಯೂ ಇದ್ದದ್ದು ಮಹಬೂಲಾದಲ್ಲಿ, ಐದನೇ ಮಾಳಿಗೆ. ನಿನ್ನ ಅಮ್ಮನಿಗೆ ಶರ್ಕ್‌ನಲ್ಲಿ ಬ್ಯಾಂಕಿನ ಕೆಲಸ, ಅಪ್ಪನಿಗೆ ಆಗಲೂ ಆಯಿಲ್ ಕಂಪೆನಿ, ಬೆಳಿಗ್ಗೆ ಆರೂವರೆಗೆ ನಿನ್ನನ್ನೂ ಒಂದು ಕಿವಿ ಇಲ್ಲದ ನಿನ್ನ ಬಟ್ಟೆಯ ಮೊಲವನ್ನೂ ನಮ್ಮಲ್ಲಿ ಬಿಟ್ಟು ಹೋಗ್ತಿದ್ರು. ಆ ಮೊಲ ಇಲ್ಲದೆ ನೀನು ಒಂದು ತುತ್ತು ಉಣ್ಣೂದಿಲ್ಲ, ಮೊಲಕ್ಕೂ ಬಾಯಿಗೆ ಅನ್ನ ಹಿಡೀಬೇಕು, ನಿನ್ನ ಅಜ್ಜಿಗೆ ದಿನಾ ಅದನ್ನು ಒಗೆಯೂದೇ ಕೆಲಸ. ಅದು ಬಿಡು. ಆ ವರ್ಷ ನಮ್ಮ ಬಿಲ್ಡಿಂಗಿನ ಸುತ್ತಮುತ್ತ ಹಾಡು ಹಗಲೇ ಕಳ್ಳತನ. ಗಂಡಸರೆಲ್ಲ ಡ್ಯೂಟಿಗೆ ಹೋದ ಮೇಲೆ ಬಾಗಿಲು ಒಡೆಯೂದು. ಮೂರನೇ ಮಾಳಿಗೆಯಲ್ಲಿ ಒಬ್ಬಳು ನರ್ಸ್ ಮಲಗಿದ್ದವಳ ಕೈಯಿಂದ ಬಳೆ ಎಳೆದುಕೊಂಡು ಹೋದ್ರು, ಕೈ ಎಲ್ಲ ರಕ್ತ. ಅವತ್ತಿನಿಂದ ನಾನು ಸ್ಟೋರಿನಲ್ಲಿ ಕೂತು ಗಂಟೆಗೆ ಎರಡು ಸಲ ಫೋನು. ‘ಬಾಗಿಲು ಹಾಕಿದ್ದೀಯಾ?’ ನಿನ್ನ ಅಜ್ಜಿ, ‘ಹಾಕಿದ್ದೇನೆ, ನೀವು ಕೇಳಿ ಹತ್ತು ನಿಮಿಷ ಆಗ್ಲಿಲ್ಲ, ಮಗು ಮಲಗಿದೆ, ಎಬ್ಬಿಸ್ಬೇಡಿ.’ ಇಟ್ಟ ಮೇಲೆ ಪುನಃ ಹೆದರಿಕೆ. ವಾಲ್ವು ಎಣಿಸ್ಲಿಕ್ಕೆ ಹೋದ್ರೆ ಲೆಕ್ಕ ತಪ್ಪುತದೆ, ಪುನಃ ಒಂದರಿಂದ ಶುರು.

ಅಷ್ಟೊತ್ತಿಗೆ ನಮ್ಮ ಕಂಪೆನಿಯ ಡ್ರೈವರ್ ಜಯಣ್ಣ, ಕಾರ್ಕಳದವ, ಇಲ್ಲಿ ಇರ್ಲಿಕ್ಕೆ ಬೇಕಾದ ಇಕಾಮಾ ಕ್ಯಾನ್ಸಲ್ ಮಾಡಿ ಊರಿಗೆ ಹೊರಟ. ಇಲ್ಲಿ ಒಂದು ಕ್ರಮ ಉಂಟಲ್ಲ, ಹೋಗುವವರು ರೂಮಿನ ಸಾಮಾನು ಇರುವವರಿಗೆ ಬಿಟ್ಟು ಹೋಗೂದು. ಈಗ ನಿಮ್ಮಮ್ಮ ಸೋಫಾ, ವಾಷಿಂಗ್ ಮೆಷಿನು ಅಂತ ಹಂಚ್ತಾ ಇಲ್ವಾ, ಹಾಗೆ. ಜಯಣ್ಣ ನಂಗೆ ಇಸ್ತ್ರಿಪೆಟ್ಟಿಗೆ ಕೊಟ್ಟ, ಎರಡು ಕಂಬಳಿ ಕೊಟ್ಟ, ಡಬ್ಬದಲ್ಲೇ ಇದ್ದ ಅನ್ನದ ಕುಕ್ಕರ್ ಕೊಟ್ಟ. ಕೊಟ್ಟು ಕಿವಿಯ ಹತ್ರ ಬಂದು ಹೇಳ್ತಾನೆ, ‘ಶೀನಣ್ಣಾ, ಕುಕ್ಕರಿನ ಒಳಗೆ ಒಂದು ಉಂಟು. ಮನೆಯಲ್ಲಿ ಹೆಂಗಸರು ಮಾತ್ರ ಇರೂದಲ್ವಾ ನಿಮ್ಗೆ, ಇರ್ಲಿ. ದೊಡ್ಡ ಕಂಪೆನಿದ್ದಲ್ಲ, ಅಗ್ಗದ್ದು, ಆದ್ರೆ ಪೀಸು ಒಳ್ಳೇದು.’ ಮುಚ್ಚಳ ತೆಗೆದು ನೋಡಿದ್ರೆ ಹಳೇ ಬನಿಯನ್ನಿನಲ್ಲಿ ಸುತ್ತಿದ ಪಿಸ್ತೂಲು. ಅವನಿಗೆ ಎಲ್ಲಿಂದ ಸಿಕ್ಕಿತು ಅಂತ ನಾನು ಕೇಳ್ಲಿಲ್ಲ, ಅವ ಹೇಳ್ಲಿಲ್ಲ. ಲೈಸೆನ್ಸ್ ಇಲ್ಲದೆ ಇಟ್ಟದ್ದು ಗೊತ್ತಾದ್ರೆ ಜೈಲು, ಜೈಲಿನಿಂದ ಸೀದಾ ಏರ್‌ಪೋರ್ಟು ಅಂತ ನಂಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು. ಗೊತ್ತಿದ್ದೂ ತಗೊಂಡೆ. ಹೆದರಿದವನಿಗೆ ಬುದ್ಧಿ ನೆಟ್ಟಗೆ ಇರೂದಿಲ್ಲ ನೋಡು.

ಮತ್ತೆ ಒಂದು ಅಹಂಕಾರ. ನಮ್ಮ ಅಪ್ಪನಿಗೆ ಸುಳ್ಯದ ಮನೆಯಲ್ಲಿ ಲೈಸೆನ್ಸ್ ಕೋವಿ ಇತ್ತು, ಗದ್ದೆಗೆ ಹಂದಿ ಬರ್ತದೆ ಅಂತ. ನಾನು ಕೋವಿ ಇದ್ದ ಮನೆಯವ, ಈ ಅಂಗೈ ಉದ್ದದ್ದು ನಂಗೊಂದು ಲೆಕ್ಕವಾ ಅಂತ. ಆದ್ರೆ ಅಪ್ಪ ಎಷ್ಟು ಜಾಗ್ರತೆ ಮಾಡ್ತಿದ್ರು ಅದು ನೆನಪಾಗ್ಲಿಲ್ಲ. ಕೋವಿ ಒಂದು ಕಡೆ, ತೋಟೆ ಒಂದು ಕಡೆ, ಬೀಗದ ಕೈ ಅವರ ಸೊಂಟದಲ್ಲಿ. ಎಲೆಕ್ಷನ್ ಬಂತು ಅಂದ್ರೆ ಕೋವಿ ಇದ್ದವರೆಲ್ಲ ಅದನ್ನು ಸ್ಟೇಷನ್ನಿಗೆ ಕೊಟ್ಟು ಬರ್ಬೇಕು, ಎಲೆಕ್ಷನ್ ಮುಗಿದ ಮೇಲೆ ವಾಪಸ್. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೋವಿಯನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಹೋಗಿ ಕೊಟ್ಟು, ರಶೀದಿ ತಗೊಂಡು ಬರ್ತಿದ್ರು. ರಶೀದಿ ದೇವರ ಫೋಟೋದ ಹಿಂದೆ. ಈ ವಿಷಯ ಯಾಕೆ ಹೇಳಿದೆ ಅಂತ ಮತ್ತೆ ಗೊತ್ತಾಗ್ತದೆ, ನೆನಪಿಟ್ಕೊ.

ಎಲ್ಲಿದ್ದೆ? ಹಾಂ, ಕುಕ್ಕರು. ಅಜ್ಜಿ ಮಾರ್ಕೆಟ್ಟಿಗೆ ಹೋದಾಗ ನಾನು ಬಾತ್ರೂಮಿನ ಬಾಗಿಲು ಹಾಕಿ ಅದನ್ನು ತೆಗೆದೆ. ಗುಂಡು ತೆಗೆದಿಡ್ಬೇಕು ಅಂತ ಹಿಡಿಯ ಕೆಳಗಿನ ಗುಂಡಿನ ಪೆಟ್ಟಿಗೆ ಎಳೆದೆ, ಬಂತು. ಒಳಗೆ ಒಂದು ಉಳಿದಿದೆಯಾ ಅಂತ ಮೇಲಿನ ಭಾಗ ಹಿಂದಕ್ಕೆ ಎಳೆದ್ರೆ ಅರ್ಧಕ್ಕೆ ಬಂದು ನಿಂತಿತು ಮಾರಾಯ್ತಿ. ಗುಂಡು ಓರೆಯಾಗಿ ಸಿಕ್ಕಿಕೊಂಡಿದೆ, ಹಿತ್ತಾಳೆಯ ಅಂಚು ಕಾಣ್ತದೆ, ಹಿಂದೆ ಬರೂದಿಲ್ಲ, ಮುಂದೆ ಹೋಗೂದಿಲ್ಲ. ಎಣ್ಣೆ ಹಾಕಿದೆ. ಹೆಚ್ಚು ಎಳೀಲಿಕ್ಕೆ ಹೆದರಿಕೆ, ಎಲ್ಲಿ ಹಾರಿಬಿಡ್ತದೋ ಅಂತ. ಬೆವರಿ ಅಂಗಿ ಎಲ್ಲ ಚಂಡಿ. ಯಾರಿಗೆ ತೋರಿಸೂದು? ಕೊನೆಗೆ ಆ ಪೆಟ್ಟಿಗೆಯನ್ನೂ ಸೇರಿಸಿ ಪುನಃ ಬನಿಯನ್ನು ಸುತ್ತಿ, ಕುಕ್ಕರಿನೊಳಗೆ ಹಾಕಿ, ಡಬ್ಬ ಮುಚ್ಚಿ ಕಪಾಟಿನ ಮೇಲೆ ಇಟ್ಟೆ. ಅಜ್ಜಿಗೆ ಹೇಳ್ಲಿಲ್ಲ. ಹೇಳಿದ್ರೆ ಅವಳು ಆ ಮನೆಯಲ್ಲಿ ಒಂದು ನಿಮಿಷ ನಿಲ್ತಿರ್ಲಿಲ್ಲ.

ಮತ್ತೆ ಹದಿನೈದು ದಿನ ನನ್ನ ಅವಸ್ಥೆ ನಾಯಿಗೂ ಬೇಡ. ಮೊದಲು ಕಳ್ಳರ ಹೆದರಿಕೆ ಒಂದೇ ಇತ್ತು, ಈಗ ಕಳ್ಳರದ್ದೂ ಪೊಲೀಸರದ್ದೂ. ಮಹಬೂಲಾದಲ್ಲಿ ಆಗ ವಾರಕ್ಕೊಮ್ಮೆ ಚೆಕಿಂಗು, ರಸ್ತೆಯ ಎರಡೂ ತುದಿ ಬಂದ್ ಮಾಡಿ ಸಿವಿಲ್ ಐಡಿ ನೋಡೂದು. ನಂದೆಲ್ಲ ಸರಿ ಇದ್ದದ್ದು, ಮೂವತ್ತು ವರ್ಷದಲ್ಲಿ ಒಂದು ದಿನ ನಾನು ಪೊಲೀಸರ ಎದುರು ತಲೆ ತಗ್ಗಿಸಿದವ ಅಲ್ಲ. ಈಗ ಐಡಿ ಕೊಡುವಾಗ ನೆಲ ನೋಡೂದು. ಲಿಫ್ಟ್ ನಮ್ಮ ಮಾಳಿಗೆಯಲ್ಲಿ ನಿಂತ್ರೆ ಬಾಗಿಲ ಕಿಂಡಿಯಲ್ಲಿ ಇಣುಕೂದು. ಕಪಾಟಿನ ಕಡೆ ನೋಡ್ಬಾರ್ದು ಅಂತ ಎಣಿಸಿ ಎಣಿಸಿ ಅಲ್ಲಿಗೇ ನೋಡೂದು. ಫೋನಿನಲ್ಲಿ ಅಜ್ಜಿಗೆ ಈಗ ಬೇರೆ ಪ್ರಶ್ನೆ, ‘ಮಗು ಎಲ್ಲಿ ಆಡ್ತಾ ಉಂಟು? ಕಪಾಟಿನ ಹತ್ರ ಬಿಡ್ಬೇಡ, ಮೇಲಿನಿಂದ ಏನಾದ್ರೂ ಬೀಳ್ತದೆ.’

ರಂಜಾನ್‌ನಲ್ಲಿ ಡ್ಯೂಟಿ ಬೇಗ ಮುಗೀತದಲ್ಲ, ಅವತ್ತು ಎರಡು ಗಂಟೆಗೇ ಮನೆಗೆ ಬಂದೆ. ಬಾಗಿಲು ತೆರೆದ ಕೂಡ್ಲೇ ಬಂಗುಡೆ ಹುರಿದ ಪರಿಮಳ. ಅಡುಗೆಮನೆಯಿಂದ ಅಜ್ಜಿ ಕೂಗಿ ಹೇಳ್ತಾಳೆ, ‘ನಮ್ಮ ಕುಕ್ಕರು ಕೆಟ್ಟಿತು, ಜಯಣ್ಣನ ಕುಕ್ಕರು ಇಳಿಸಿದ್ದೇನೆ. ಒಳಗೆ ಎಂತದೋ ಬಟ್ಟೆ ಉಂಟು, ತೆಗೀರಿ, ನನ್ನ ಕೈಯಲ್ಲಿ ಮೀನು.’ ತಿರುಗಿ ನೋಡಿದೆ. ಹಾಲ್‌ನ ನಡುವಲ್ಲಿ ಡಬ್ಬ, ಡಬ್ಬದ ಹತ್ರ ಬನಿಯನ್ನು, ಬನಿಯನ್ನಿನ ಹತ್ರ ನೀನು. ಕಾಲು ಚಾಚಿ ಕೂತಿದ್ದೀ. ಪಿಸ್ತೂಲಿನ ಬಾಯಿ ನಿನ್ನ ಕಣ್ಣಿಗೆ ಇಟ್ಟುಕೊಂಡಿದ್ದೀ ಮಗಾ, ಜಾತ್ರೆಯಲ್ಲಿ ಚಿತ್ರ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ. ಎರಡೂ ಹೆಬ್ಬೆರಳು ಟ್ರಿಗರಿನ ಮೇಲೆ. ಒತ್ತಿದಿ. ನಾನು ಚಪ್ಪಲಿಯಲ್ಲೇ ನಿನ್ನ ಕಡೆ ಓಡಿದೆ. ಪುನಃ ಒತ್ತಿದಿ. ಮೂರನೇ ಸಲ ಹಲ್ಲು ಕಚ್ಚಿ ಒತ್ತಿದಿ. ಮತ್ತೆ ಅದನ್ನು ನನ್ನ ಕಡೆ ನೀಡಿ ಮುಖ ಸಪ್ಪೆ ಮಾಡಿ ಹೇಳಿದಿ, ‘ಅಜ್ಜಾ, ಇದು ಹಾಳಾಗಿದೆ. ವರ್ಕ್ ಆಗೂದಿಲ್ಲ.’

ನಾನು ಕೂತದ್ದು ಗೊತ್ತಿಲ್ಲ, ಅತ್ತದ್ದು ಗೊತ್ತಿಲ್ಲ. ನಿನ್ನ ಅಜ್ಜಿ ಬಂದು ನೋಡಿದ್ಲು, ನಿನ್ನನ್ನು ಎತ್ತಿಕೊಂಡು ಎದುರು ಫ್ಲ್ಯಾಟಿನ ಹಮೀದ್ ಭಾಯಿಯ ಮನೆಗೆ ಹೋದ್ಲು. ಹಮೀದ್ ಭಾಯಿ ಪುತ್ತೂರಿನ ಬ್ಯಾರಿ, ಟೈಪಿಂಗ್ ಆಫೀಸಿನಲ್ಲಿದ್ದವರು, ಅರಬ್ಬಿ ನೀರಿನ ಹಾಗೆ ಮಾತಾಡ್ತಾರೆ. ಉಪವಾಸದ ಮನುಷ್ಯ ಓಡಿ ಬಂದ್ರು. ‘ಶೀನಣ್ಣಾ, ನಿಮ್ಗೆ ಮಂಡೆ ಸರಿ ಉಂಟಾ? ಸಮುದ್ರಕ್ಕೆ ಬಿಸಾಡಿ ಬನ್ನಿ!’ ಸಮುದ್ರ ಎದುರಿಗೇ ಉಂಟು ಹೌದು. ಆದ್ರೆ ಆ ನೀರಿನಲ್ಲೂ ಮಕ್ಕಳು ಆಡ್ತಾರೆ, ನಾಳೆ ಇನ್ನೊಬ್ಬರ ಮಗು ಹೆಕ್ಕಿದ್ರೆ? ನನ್ನ ತಲೆಯಲ್ಲಿ ಒಂದೇ, ಅಪ್ಪ ಕೋವಿ ಎಲ್ಲಿ ಕೊಡ್ತಿದ್ರೋ ಅಲ್ಲಿ ಕೊಡೂದು. ‘ಸ್ಟೇಷನ್ನಿಗೆ ಕೊಡ್ತೇನೆ’ ಅಂದೆ. ‘ಇದು ಸುಳ್ಯದ ಸ್ಟೇಷನ್ ಅಲ್ಲ ಮಾರಾಯ್ರೆ!’ ಅಂತ ಅವರು ತಲೆಗೆ ಕೈ ಹೊತ್ತುಕೊಂಡ್ರು. ಮತ್ತೆ ಅವರೇ, ‘ತಾವಾಗಿ ತಂದು ಒಪ್ಪಿಸಿದವರಿಗೆ ಶಿಕ್ಷೆ ಇಲ್ಲ ಅಂತ ಪೇಪರಿನಲ್ಲಿ ಬಂದಿತ್ತು. ವಾಯಿದೆ ಮುಗಿದಿದೆಯಾ ಇಲ್ವಾ ನೆನಪಿಲ್ಲ. ನಡೀರಿ, ನಾನೂ ಬರ್ತೇನೆ’ ಅಂದ್ರು. ನೋಡು, ಉಪವಾಸದಲ್ಲಿ, ಆ ಬಿಸಿಲಿಗೆ, ತನ್ನ ಇಕಾಮಾವನ್ನೂ ಪಣಕ್ಕಿಟ್ಟು ಬಂದದ್ದು. ನಾನು ಅಪ್ಪನ ಹಾಗೆ ಇಸ್ತ್ರಿ ಅಂಗಿ ಹಾಕಿದೆ. ಅಜ್ಜಿ ಒಂದು ಬ್ಯಾಗಿಗೆ ನನ್ನ ಎರಡು ಜೊತೆ ಬಟ್ಟೆ, ಬಿಪಿ ಮಾತ್ರೆ ಹಾಕಿ ಕೊಟ್ಲು. ಅಲ್ಲಿಂದಲೇ ಏರ್‌ಪೋರ್ಟಿಗೆ ಕಳಿಸಿದ್ರೆ ಅಂತ.

ಮಖ್ಫರಿನಲ್ಲಿ, ಅಂದ್ರೆ ಇಲ್ಲಿಯ ಪೊಲೀಸ್ ಸ್ಟೇಷನ್ನಿನಲ್ಲಿ, ಪಿಸ್ತೂಲು ಪುನಃ ಹಾಕಿಟ್ಟ ಕುಕ್ಕರನ್ನು ಮೇಜಿನ ಮೇಲೆ ಇಟ್ಟೆ. ‘ಶಿನು ಹಾದಾ? ಏನಿದು?’ ಅಂದ ಪೊಲೀಸು. ಊಟ ತಂದದ್ದು ಅಂತ ಎಣಿಸಿದ್ನೋ ಏನೋ, ಮುಚ್ಚಳ ತೆಗೆದವ ಹಾರಿ ಎದ್ದು ನಿಂತ. ಎಲ್ಲರೂ ಎದ್ರು. ನನ್ನನ್ನೂ ಹಮೀದ್ ಭಾಯಿಯನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ರು. ಗೋಡೆ ನೋಡ್ತಾ ನಾನು ಎಣಿಸಿದ್ದು, ಮಗಳಿಗೆ ಎಂತ ಹೇಳೂದು, ಅಳಿಯಂದಿರಿಗೆ ಯಾವ ಮುಖ ತೋರಿಸೂದು. ಮತ್ತೆ ಒಬ್ಬ ನರೆತ ಮೀಸೆಯ ಆಫೀಸರ್ ಬಂದ. ಹಮೀದ್ ಭಾಯಿ ಎಲ್ಲ ಹೇಳಿದ್ರು, ನಿನ್ನ ವಿಷಯವೂ. ಆಫೀಸರ್ ಪಿಸ್ತೂಲನ್ನು ಕೆಳಗೆ ಮುಖ ಮಾಡಿ ಹಿಡಿದು, ಇಕ್ಕುಳದಲ್ಲಿ ನಿಧಾನ ಎಳೆದು ಆ ಗುಂಡು ತೆಗೆದು ನನ್ನ ಎದುರು ಮೇಜಿನ ಮೇಲೆ ನಿಲ್ಲಿಸಿದ. ಹೇಳಿದ, ‘ಗುಂಡು ಸರಿ ಉಂಟು. ಪಿಸ್ತೂಲು ಕಳಪೆ. ಮನೆಗೆ ಹೋಗಿ ದೇವರಿಗೆ ಅಡ್ಡಬೀಳು.’ ಸಂಜೆವರೆಗೆ ಕೂರಿಸಿದ್ರು, ನನ್ನ ವೀಸಾಕ್ಕೆ ಜವಾಬ್ದಾರನಾದ ಕಫೀಲ್ ಬಂದ, ಸಹಿ ಮಾಡಿದೆ. ಬಾಂಗ್ ಆದಾಗ ಅವರೇ ನಮ್ಗೂ ಖರ್ಜೂರ, ಮಜ್ಜಿಗೆ ಕೊಟ್ರು. ಹೊರಡುವಾಗ ನನ್ನ ಬಾಯಿ ಸುಮ್ಮನಿರ್ತದಾ, ‘ಸಾರ್, ರಶೀದಿ’ ಅಂದೆ. ಹಮೀದ್ ಭಾಯಿ ಸೊಂಟ ಚಿವುಟಿದ ಕಲೆ ಒಂದು ವಾರ ಇತ್ತು. ಆಫೀಸರ್ ಕುಕ್ಕರನ್ನು ನನ್ನ ಕೈಗೆ ಕೊಟ್ಟು, ‘ಯಲ್ಲಾ, ಖಲಾಸ್’ ಅಂದ, ನಡಿ, ಮುಗೀತು ಅಂತ.

ಹತ್ತು ವರ್ಷದ ಮೇಲಾಯ್ತು, ನಿನ್ನ ಅಪ್ಪ ಅಮ್ಮನಿಗೆ ನಾನು ಇದನ್ನು ಹೇಳಿರ್ಲಿಲ್ಲ. ಹೇಳಿದ್ರೆ ನಾಳೆಯಿಂದ ನಿನ್ನನ್ನು ನಮ್ಮಲ್ಲಿ ಬಿಡ್ಲಿಕ್ಕಿಲ್ಲ ಅಂತ ಹೆದರಿಕೆ. ನಾಚಿಕೆ ಬೇರೆ. ಈಗ ಹೇಳಿದ್ದೇನೆ, ಬೈಯುವುದಾದ್ರೆ ಬೈಯ್ಲಿ. ಆ ಗಡ್ಡದವ ಹೇಳ್ತಾನಲ್ಲ, ಐನೂರು ಸಲ ಒತ್ತಿದ್ರೂ ಕೈ ಕೊಡೂದಿಲ್ಲ ಅಂತ. ನೀನು ಒತ್ತಿದ್ದು ಮೂರೇ ಸಲ. ನನ್ನ ಕುಕ್ಕರಿನಲ್ಲಿ ಇದ್ದದ್ದು ಅವ ಹೊಗಳುವ ಜಾತಿಯದ್ದಾಗಿದ್ರೆ, ಈಗ ಈ ಬಾಲ್ಕನಿಯಲ್ಲಿ ನನ್ನ ಎದುರು ಕೂತು ಕಥೆ ಕೇಳೂದು ಯಾರು?

ಏನು, ಒಳಗೆ ಟೇಪಿನ ಶಬ್ದ ನಿಂತಿತಾ? ನಿಲ್ಲಲಿ. ಅಳಬೇಡ ಮಗಾ, ಕಣ್ಣು ಒರೆಸು. ಹೋಗಿ ನಿನ್ನ ಅಪ್ಪನಿಗೆ ಹೇಳು, ಅಲ್ಲಿ ಹೋಗಿ ಬಾಗಿಲಿಗೆ ಒಳ್ಳೇ ಬೀಗ ಹಾಕಿಸಲಿ, ಎರಡು ಹಾಕಿಸಲಿ. ಮನೆಯೊಳಗೆ ಇಟ್ಟದ್ದು ಎಷ್ಟು ಎತ್ತರದಲ್ಲಿಟ್ರೂ ಒಂದು ದಿನ ಮಗುವಿನ ಕೈಗೆ ಸಿಗ್ತದೆ, ಸಿಕ್ಕಿದ್ರೂ ಹೆದರ್ಲಿಕ್ಕಿಲ್ಲದ್ದನ್ನು ಮಾತ್ರ ಮನೆಯಲ್ಲಿ ಇಡ್ಬೇಕು. ಮತ್ತೆ ನಾವು ಊರಿಗೆ ಹೋಗುವಾಗ ನಿಮ್ಗೆ ಬಿಟ್ಟು ಹೋದ ಆ ಕುಕ್ಕರು ಯಾರಿಗೂ ಕೊಡ್ಬೇಡಿ, ಜೊತೆಗೆ ತಗೊಂಡು ಹೋಗಿ, ಇನ್ನೂ ಚೆನ್ನಾಗಿ ಅನ್ನ ಆಗ್ತದೆ. ಅಗೋ ನೋಡು, ನಾವು ಮಾತಾಡ್ತಾ ಇರುವಾಗಲೇ ಚಿನ್ನು ಟೇಪ್ ಹಾಕಿಟ್ಟ ಆ ಕಾರ್ಟನ್ನೂ ಬಿಚ್ಚಿದ್ಲು!