ತಿಳಿಯಿತು ಎನ್ನುವ ಗದ್ದಲ

ಮಾನ್ಯ ಅಧ್ಯಕ್ಷರೇ, ನನಗೆ ಶಾಲು ಹೊದಿಸಿ ಬೆವರಿಳಿಸಿದ ಮುಖ್ಯೋಪಾಧ್ಯಾಯ ಧರ್ಮಣ್ಣನವರೇ, ಸಹೋದ್ಯೋಗಿಗಳೇ, ನನ್ನನ್ನು ಬೀಳ್ಕೊಡಲು ಬಂದ ನಾರಾಯಣಖೇಡದ ಸಭಿಕರೇ,

ಈಗ ತಾನೇ ಧರ್ಮಣ್ಣನವರು, "ಸೂರ್ಯಕಾಂತ ಮಾಸ್ತರರ ಗಣಿತದ ತರಗತಿಯಲ್ಲಿ ತಿಳಿಯದವರೇ ಇರಲಿಲ್ಲ" ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ನನಗೆ ಮೈ ಉರಿಯಿತು. ಯಾರು ಹೇಳಿದರು ಇವರಿಗೆ? ಮೂವತ್ತೊಂದು ವರ್ಷ ನಾನು ಪಾಠ ಮುಗಿಸಿ "ತಿಳೀತೇನ್ರಪಾ?" ಎಂದು ಕೇಳಿದೆ. ಮಕ್ಕಳು ಚಾವಣಿ ಹಾರುವಂತೆ "ತಿಳೀತ್ರೀ!" ಎಂದು ಕೂಗಿದರು. ತೆಲುಗಿನಲ್ಲಿ ಕೇಳಿದರೆ ತೆಲುಗಿನಲ್ಲಿ ಕೂಗಿದರು. ಕೂಗಿದರೆ ಬೇಗ ಹೊರಗೆ ಬಿಡುತ್ತೇನೆಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಕಳೆದ ತಿಂಗಳು ಜಹೀರಾಬಾದಿನ ಶಿಕ್ಷಕರ ತರಬೇತಿಯಲ್ಲಿ ಒಬ್ಬರು ಮೇಡಂ ಹೇಳಿದರು: ಮೆದುಳು ಕಲಿಯುವುದಷ್ಟೇ ಅಲ್ಲ, ಕಲಿತದ್ದು ನಿಜವಾಗಿ ಬಂತೇ ಎಂದು ತನ್ನನ್ನೇ ತಪಾಸಣೆ ಮಾಡಿಕೊಳ್ಳುತ್ತದೆ, ಆ ತಪಾಸಣೆ ತಪ್ಪಿದರೆ, ಕಂಡು ಪರಿಚಯವಾದದ್ದನ್ನೇ ತಿಳಿದದ್ದು ಎಂದುಕೊಳ್ಳುತ್ತದೆ. ನಿವೃತ್ತಿಗೆ ಒಂದು ತಿಂಗಳಿರುವವನಿಗೆ ಈ ತರಬೇತಿ! ಯಾರು ಇಟ್ಟ ಮುಹೂರ್ತವೋ ಕಾಣೆ.

ಆದರೆ ಸಭಿಕರೇ, ಹಾಗೆ ತಪಾಸಣೆ ಮಾಡಿಕೊಳ್ಳುವ ಹುಡುಗಿಯೊಬ್ಬಳು ನನ್ನ ಕೈಗೆ ಸಿಕ್ಕಿದ್ದಳು. ಇಪ್ಪತ್ತು ವರ್ಷದ ಹಿಂದಿನ ಮಾತು; ನಾಗಲಗಿದ್ದ ಊರಿನ ಕೌಶಲ್ಯಾ, ಆಗ ಏಳನೇ ತರಗತಿ. ಅಂದು ಭಿನ್ನರಾಶಿಗಳ ಭಾಗಾಕಾರ. ಎಲ್ಲರೂ ಕೂಗಿದ ಮೇಲೆ ಇವಳು ಎದ್ದು ನಿಂತಳು.

"ಉತ್ತರ ಬರ್ತದ್ರಿ ಸರ್. ಆದರ ಎರಡನೇದ್ದು ಯಾಕ ಉಲ್ಟಾ ಮಾಡಿ ಗುಣಸ್ತೀವಿ, ಅದು ತಿಳೀವಲ್ದ್ರಿ."

"ಎಲ್ಲಾರಿಗೂ ತಿಳದದ. ನಿನ್ನ ತಲ್ಯಾಗ ಏನ್ ಭೂಸಾ ತುಂಬೇದೇನು?" ಎಂದೆ. ತರಗತಿ ನಕ್ಕಿತು. ಮರುದಿನದಿಂದ ಎಲ್ಲರಿಗಿಂತ ಜೋರಾಗಿ "ತಿಳೀತ್ರೀ" ಎಂದವಳು ಅವಳೇ. ದಾರಿಗೆ ಬಂದಳೆಂದು ನಾನು ಖುಷಿಪಟ್ಟೆ. ಹತ್ತನೇ ತರಗತಿಯಲ್ಲಿ ಗಣಿತದಲ್ಲೇ ಫೇಲಾದಳು. ಓದು ಅಲ್ಲಿಗೇ ನಿಂತಿತು.

ಅವಳು ಇಂದು ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ. ಅವಳ ಮಗಳು ಸೌಮ್ಯಾ ನಮ್ಮ ಶಾಲೆಯಲ್ಲೇ ಆರನೇ ತರಗತಿ. ಇವತ್ತು ಒಳಗೆ ಬರುವಾಗ ಕೌಶಲ್ಯಾ ಗೇಟಿನ ಹತ್ತಿರ ನನ್ನನ್ನು ತಡೆದು ಹೇಳಿದಳು: "ಇಕಿಗಿ ಜರಾ ಬುದ್ಧಿ ಹೇಳ್ರಿ ಸರ್. ಎಲ್ಲಾರೂ ತಿಳೀತಂದ್ರ ಇಕಿ ಒಬ್ಬಾಕಿ ತಿಳೀಲಿಲ್ಲ ಅಂತಾಳಂತ. ತಿಳೀತಂದು ಸುಮ್ನ ಕುಂದ್ರು ಅಂತ ನಾನೂ ಹೇಳೀನ್ರಿ."

ಈ ಬುದ್ಧಿಯನ್ನು ಅವಳಿಗೆ ಕಲಿಸಿದವರು ಯಾರು? ನಾನೇ. ನನ್ನಿಂದ ಅವಳು ಪೂರ್ತಿ ಕಲಿತ ಪಾಠ ಅದೊಂದೇ. ಅದಕ್ಕೂ ಚಪ್ಪಾಳೆ ತಟ್ಟುತ್ತೀರಾ?

ನಿಮ್ಮ ಪ್ರೀತಿಗೆ, ಇಷ್ಟು ಹೊತ್ತು ನನ್ನ ಸಿಡಿಮಿಡಿ ಸಹಿಸಿದ್ದಕ್ಕೆ ಋಣಿಯಾಗಿದ್ದೇನೆ. ಇನ್ನೊಂದೇ ಮಾತು, ಅದು ಮೂರನೇ ಸಾಲಿಗೆ. ಕೌಶಲ್ಯಾ, ಹುಡುಗಿ ಬಾಯಿ ಮುಚ್ಚಸಬ್ಯಾಡವಾ. ಅವತ್ತು ಯಾಕ ಉಲ್ಟಾ ಮಾಡ್ತೀವಿ ಅಂಬೋದು ನನಗೂ ಗೊತ್ತಿರಲಿಲ್ಲ.

ನಮಸ್ಕಾರ.