ಮೂರು ದೋಸೆ, ಒಂದು ಬಾಳೆಹಣ್ಣು

ಸಭಾಧ್ಯಕ್ಷರಾದ ಬಕ್ಕೇಶಪ್ಪನವರೇ, ಸೇನೆಯಿಂದ ಬಂದಿರುವ ಅಧಿಕಾರಿಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಹುತಾತ್ಮ ಯೋಧ ನೌಮಾನನ ತಂದೆ ಬಡೇಸಾಬರೇ, ತಾಯಿ ಸಿದ್ದೀಕಾ ಅಮ್ಮನವರೇ, ಹರಿಹರದ ಎಲ್ಲ ಸಭಿಕರೇ,

ಐದೇ ನಿಮಿಷ ಎಂದಿದ್ದಾರೆ. ಮೂವತ್ತೊಂದು ವರ್ಷ ಈ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು ನಾನು. ಸೀಟಿ ಊದಿ ಅಭ್ಯಾಸವೇ ಹೊರತು ಭಾಷಣ ಮಾಡಿ ಅಲ್ಲ. ಅದಕ್ಕೇ ಸೀಟಿಯ ಬದಲು ಮೈಕಿನ ವೈರು ಹಿಡಿದುಕೊಂಡಿದ್ದೇನೆ. ಕ್ಷಮಿಸಿ.

ಇಂದು ನಮ್ಮ ಮೈದಾನಕ್ಕೆ ನೌಮಾನನ ಹೆಸರಿಟ್ಟಿದ್ದೀರಿ. ಮರಣೋತ್ತರವಾಗಿ ಬಂದ ಶೌರ್ಯ ಪದಕದ ಪತ್ರವನ್ನು ಅಧಿಕಾರಿಗಳು ಈಗಷ್ಟೇ ಓದಿದರು. ಗುಂಡು ಹಾರುತ್ತಿದ್ದ ಬಯಲಿನಲ್ಲಿ ಎರಡು ಸಲ ಓಡಿಹೋಗಿ, ಗಾಯಗೊಂಡ ಇಬ್ಬರನ್ನು ಹೊತ್ತು ತಂದ. ಮೂರನೆಯವನಿಗಾಗಿ ಮತ್ತೆ ಓಡಿದ. ಆಮೇಲೆ ಬರಲಿಲ್ಲ. ಓಡಿದ, ಓಡಿದ, ಓಡಿದ ಎಂದು ಅವರು ಓದುವಾಗ ನೀವೆಲ್ಲ ನನ್ನನ್ನು ನೋಡಿದಿರಿ. ಓಟ ಕಲಿಸಿದ ಶಿವಮೂರ್ತಪ್ಪ ಮೇಷ್ಟ್ರು ಇವರೇ ಅಲ್ಲವೇ ಎಂದು. ಹೌದು, ನಾನೇ. ಭಾನುವಳ್ಳಿಯ ಕಾಲುವೆ ಏರಿಯ ಮೇಲೆ ಎರಡು ವರ್ಷ, ದಿನಾ ಬೆಳಿಗ್ಗೆ, ಇಬ್ಬರನ್ನು ಓಡಿಸಿದೆ. ಒಬ್ಬ ನೌಮಾನ್. ಇನ್ನೊಬ್ಬ ನನ್ನ ಮಗ ಶಿವಕುಮಾರ.

ಯಾವತ್ತೂ ಶಿವಕುಮಾರನೇ ಮುಂದೆ. ಇದನ್ನು ಬಡೇಸಾಬರೂ ಒಪ್ಪುತ್ತಾರೆ. ಏರಿಯ ಪಕ್ಕದಲ್ಲೇ ಅವರ ಸೈಕಲ್ ರಿಪೇರಿ ಅಂಗಡಿ. "ಮೇಷ್ಟ್ರೇ, ನಿಮ್ಮ ಹುಡುಗನ ಕಾಲಾಗೆ ಬೇರಿಂಗ್ ಐತೇನ್ರಿ?" ಎಂದು ಕೇಳುತ್ತಿದ್ದರು.

ಹಾಗಾದರೆ ದಾವಣಗೆರೆಯ ಸೇನಾ ಭರ್ತಿ ರ‍್ಯಾಲಿಯಲ್ಲಿ ನನ್ನ ಮಗ ಸೋತದ್ದು ಯಾಕೆ? ಹನ್ನೊಂದು ವರ್ಷದಿಂದ ಕೇಳುತ್ತಿದ್ದೀರಿ. ಜ್ವರ ಬಂದಿತ್ತು ಎಂದೆ, ಬೂಟು ಕಚ್ಚಿತು ಎಂದೆ. ಶಿವಕುಮಾರ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಬಟ್ಟೆ ಅಂಗಡಿ ಹಾಕಿದ. ಅಂದಿನಿಂದ ಒಂದು ದಿನವೂ ಓಡಿಲ್ಲ. ಕಣ್ಣೆದುರೇ ಬಸ್ಸು ಹೊರಟರೂ ಓಡಿ ಹಿಡಿಯುವುದಿಲ್ಲ, ಇನ್ನೊಂದಕ್ಕೆ ಕಾಯುತ್ತಾನೆ.

ಇದು ನಾನು ಬರೆದುಕೊಂಡು ಬಂದ ಚೀಟಿಯಲ್ಲಿಲ್ಲ. ಚೀಟಿಯಲ್ಲಿ ಶಿಸ್ತಿನ ಬಗ್ಗೆ ಇದೆ. ಅದನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ.

ಓಟಕ್ಕೆ ಮೊದಲು ಹೊಟ್ಟೆ ಹಗುರವಿರಬೇಕು. ಮೂವತ್ತೊಂದು ವರ್ಷ ಈ ಮೈದಾನದಲ್ಲಿ ನಾನು ಕೂಗಿದ್ದು ಇದೊಂದನ್ನೇ. ಅಂದು ನಮ್ಮ ಹುಡುಗರ ಓಟ ಒಂಬತ್ತು ಗಂಟೆಗೆ. ಎಂಟೂವರೆಗೆ ಇಬ್ಬರನ್ನೂ ಹೋಟೆಲಿಗೆ ಕರೆದುಕೊಂಡು ಹೋದೆ. ನೌಮಾನನಿಗೆ ಒಂದು ಬಾಳೆಹಣ್ಣು ಕೊಟ್ಟೆ. ಮಗನಿಗೆ ಮೂರು ಬೆಣ್ಣೆ ದೋಸೆ ಹೇಳಿದೆ.

"ಅಪ್ಪಾಜಿ, ಓಟ ಐತಲ್ಲ," ಎಂದ.

"ಶಕ್ತಿ ಬರ್ತದೆ, ತಿನ್ನು. ನಾನು ಹೇಳ್ತಿದೀನಿ."

ನಾನು ಹೇಳಿದ್ದನ್ನು ಅವನು ಎಂದೂ ಮೀರಿದವನಲ್ಲ. ನೌಮಾನ್ ಆ ತಟ್ಟೆ ನೋಡಿ, "ಸರ್, ನಂಗೂ ಒಂದು ಹೇಳ್ರಿ," ಎಂದ. "ನಿಂಗೆ ಬ್ಯಾಡಪ್ಪ, ನೀನು ಓಡ್ಬೇಕು. ಪಾಸಾಗಿ ಬಾ, ಮೂರು ತಿನ್ನಿಸ್ತೀನಿ," ಎಂದೆ.

ಮೂರನೇ ಸುತ್ತಿನಲ್ಲಿ ಶಿವಕುಮಾರ ಹೊಟ್ಟೆ ಹಿಡಿದುಕೊಂಡು ಕುಸಿದು ಕುಳಿತ. ಹಿಂದೆ ಬರುತ್ತಿದ್ದ ನೌಮಾನ್ ನಿಂತ. ಎತ್ತಲು ಬಗ್ಗಿದ. ನಾನು ಬೇಲಿಯಾಚೆಯಿಂದ ಕೂಗಿದೆ, "ಬಿಟ್ಟು ಓಡೋ, ಅವನನ್ನ ಬಿಟ್ಟು ಓಡು." ಬಿಟ್ಟು ಓಡಿದ. ಪಾಸಾದ.

ಗಡಿಯ ಆ ಬಯಲಿನಲ್ಲಿ ಹಾಗೆ ಕೂಗಲು ನಾನಿರಲಿಲ್ಲ. ಅಲ್ಲಿ ಅವನು ಯಾರನ್ನೂ ಬಿಟ್ಟು ಓಡಲಿಲ್ಲ. ಈಗ ಹೇಳಿ, ನಾನು ಅವನಿಗೆ ಕಲಿಸಿದ್ದಾದರೂ ಏನು?

ಯಾಕೆ ಹಾಗೆ ಮಾಡಿದೆ? ರ‍್ಯಾಲಿಗೆ ನಾಲ್ಕು ದಿನ ಮೊದಲು ಮಾಯಕೊಂಡದ ಕಡೆಯ ಒಬ್ಬ ಸೈನಿಕನ ಶವಪೆಟ್ಟಿಗೆ ಬಂದಿತ್ತು. ನೋಡಿ ಬಂದೆ. ಹೆದರಿದೆ. ಹೆಂಡತಿ ಕಸ್ತೂರಮ್ಮ ಏನೂ ಹೇಳಿರಲಿಲ್ಲ, ಅವಳ ಮೇಲೆ ಹಾಕುವುದಿಲ್ಲ. ಇರುವವನು ಒಬ್ಬನೇ ಮಗ ಎಂದುಕೊಂಡೆ. ನೌಮಾನನೂ ಒಬ್ಬನೇ ಮಗ ಎಂಬುದು ನನಗೆ ಗೊತ್ತಿತ್ತು.

ರಜೆಗೆ ಬಂದಾಗಲೆಲ್ಲ ಅವನು, "ಸರ್, ದೋಸೆ ಯಾವಾಗ?" ಎಂದು ನಗುತ್ತಿದ್ದ. ಮುಂದಿನ ಸಲ ಎನ್ನುತ್ತಿದ್ದೆ. ಆ ಹೋಟೆಲಿಗೆ ಮತ್ತೆ ಕಾಲಿಡಲು ನನ್ನಿಂದ ಆಗಲಿಲ್ಲ.

ಬಕ್ಕೇಶಪ್ಪನವರೇ, ನನಗೆಂದು ತಂದ ಆ ಶಾಲು ಮಡಿಸಿಡಿ. ಶಿವಕುಮಾರ, ಗೇಟಿನ ಹತ್ತಿರ ನಿಂತಿದ್ದೀಯ, ಕಾಣುತ್ತಿದೆ. ನಿನ್ನ ಕಾಲು ಸೋತಿರಲಿಲ್ಲಪ್ಪ. ಅದು ನಿನಗೆ ಗೊತ್ತಾಗಲಿ.

ಸಿದ್ದೀಕಾ ಅಮ್ಮ, ಹೋದ ವಾರ ನೀವು ನಮ್ಮ ಮನೆಗೆ ಬಂದು, "ಮೇಷ್ಟ್ರೇ, ಅವನ್ನ ಸ್ವಂತ ಮಗನಂಗೆ ನೋಡ್ಕಂಡ್ರಿ," ಎಂದಿರಿ. ನಾನು ತಲೆಯಾಡಿಸಿ ಚಹಾ ಕುಡಿದೆ. ಇಲ್ಲಮ್ಮ, ನೋಡಿಕೊಳ್ಳಲಿಲ್ಲ. ಸ್ವಂತ ಮಗನ ಹಾಗೆ ನೋಡಿಕೊಂಡಿದ್ದರೆ ಅಂದು ಅವನಿಗೂ ದೋಸೆ ಕೊಡಿಸುತ್ತಿದ್ದೆ.

ಕುಳಿತು ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ಈ ಕೈ ಜೋಡಿಸುವುದು ಮೊದಲು ಈ ತಾಯಿಗೆ, ಆಮೇಲೆ ಸಭೆಗೆ. ನಮಸ್ಕಾರ.