ಕಥೆಗಳೆಲ್ಲ ಭದ್ರವಾಗಿವೆ

ಹಲೋ... ಯಾರು ಮಾತಾಡ್ತಿರೋದು?...

ಓ, ಬೈಂಡರ್ ಅಣ್ಣನಾ! ಹೇಳಿ, ಹೇಳಿ. ಆಯ್ತಾ ಆ ಹಳೇ ಮಾಸಪತ್ರಿಕೆಗಳ ಬೈಂಡಿಂಗು? ಅಪ್ಪ ಬೆಳಿಗ್ಗೆಯಿಂದ ಭೂತಗನ್ನಡಿ ಒರೆಸ್ಕೊಂಡು ಕೂತಿದ್ದಾರೆ...

ಆರೇ ಸಂಪುಟಾನಾ? ಹನ್ನೆರಡಾಗುತ್ತೆ ಅಂದಿದ್ರಲ್ವಾ?...

ಏನು ತೆಗೆದ್ರಿ?... ಏನು?... ಜಾಹೀರಾತಾ?...

ಹಾಂ... ಲೈಬ್ರರಿಯವರಿಗೆ ಹಾಗೇ ಮಾಡ್ತೀರಾ. ಮುಖಪುಟ, ಜಾಹೀರಾತು ಎಲ್ಲ ಕಿತ್ತು, ಕಥೆ, ಲೇಖನ ಮಾತ್ರ ಸೇರಿಸಿ ಹೊಲೀತೀರಾ. ಅದು ನನಗೆ ಹೇಗಣ್ಣಾ ಗೊತ್ತಾಗ್ಬೇಕು?...

ಇಲ್ಲ, ನಾನೂ ಹೇಳ್ಲಿಲ್ಲ. ಕಥೆ ಹಾಳೆ ಒಂದೂ ಹೋಗ್ಬಾರ್ದು ಅಂದೆನಾ? ಅಂದಿರ್ತೀನಿ, ನನ್ನ ಬಾಯಿಗಿಷ್ಟು...

ಕಥೆ ಯಾರಿಗೆ ಬೇಕಣ್ಣಾ! ಆ ಜಾಹೀರಾತುಗಳ ಚಿತ್ರ ಬರೆದಿದ್ದು ನಮ್ಮಪ್ಪ... ಹೂಂ, ಅಪ್ಪನೇ. ಸಾಬೂನು, ಟಾರ್ಚು, ತಲೆಗೆ ಹಚ್ಚೋ ಎಣ್ಣೆ. ಕಥೆಗೆ ಚಿತ್ರ ಬರೆದವರು ಮೂಲೇಲಿ ಸಹಿ ಹಾಕ್ತಿದ್ರು. ಜಾಹೀರಾತಿಗೆ ಎಲ್ಲಿಯ ಸಹಿ? ಮೊಣಕಾಲುದ್ದ ಜಡೆ ಬಿಟ್ಕೊಂಡು ನಿಂತಿದ್ಲಲ್ಲ, ಎಣ್ಣೆ ಹೆಂಗಸು, ಅದು ನಮ್ಮಮ್ಮ. ಜಡೆ ಸುಳ್ಳು, ಮುಖ ಮಾತ್ರ ಅಮ್ಮಂದೇ. ಆ ವಯಸ್ಸಿನ ಅಮ್ಮನ ಫೋಟೋ ಒಂದೂ ನಮ್ಮನೇಲಿಲ್ಲ. ಟಾನಿಕ್ ಕುಡಿದು ನಗ್ತಿದ್ದ ಗುಂಡು ಮಗು ನಾನು. ನಾನಿದ್ದಿದ್ದು ಕಡ್ಡಿ ಥರ, ಅಪ್ಪನೇ ಕೆನ್ನೆ ತುಂಬಿಸಿದ್ರು...

ಈಗೆಲ್ಲಿವೆ ಆ ಹಾಳೆಗಳು?...

ರದ್ದಿಗಾ? ಯಾವತ್ತು?... ಮೊನ್ನೇನಾ... ಲಾರಿ ಹೋಗೇಬಿಡ್ತಾ? ಕಾಗದದ ಕಾರ್ಖಾನೆಗಾ?...

ನೀರಲ್ಲಿ ನೆನೆಸಿಬಿಡ್ತಾರಾ. ಹೂಂ...

ಒಂದೂ ಉಳಿದಿಲ್ವಾ? ಇನ್ನೊಂದ್ಸಲ ನೋಡಿ ಅಣ್ಣಾ. ಮೇಜಿನ ಕೆಳಗೆ, ಅಂಟಿನ ಡಬ್ಬದಡಿ ಏನಾದ್ರೂ ಹಾಸಿರ್ತೀರಲ್ವಾ... ಹರಿದಿದ್ರೂ ಪರವಾಗಿಲ್ಲ... ಇಲ್ವಾ...

ಬೈತಿಲ್ಲ ಅಣ್ಣಾ, ನಿಮ್ಮನ್ನ ಬೈದು ಏನು ಬಂತು? ಏನು ಮಾಡ್ಲಿ ಅಂತ ಕೇಳ್ತಿದ್ದೀನಿ ಅಷ್ಟೇ. ಅಪ್ಪನಿಗೆ ಏನಂತ ಹೇಳ್ಲಿ...

ಒಂದ್ನಿಮಿಷ... ಹಾಂ ಅಪ್ಪಾ? ಹೌದು, ಬೈಂಡರೇ. ಆಯ್ತಂತೆ... ಹೂಂ, ಚೆನ್ನಾಗಿ ಬಂದಿದ್ಯಂತೆ...

ಅಣ್ಣಾ, ಅಪ್ಪ ಎದ್ದು ಬರ್ತಿದ್ದಾರೆ. ನಿಮ್ಮ ಹತ್ರ ಮಾತಾಡ್ಬೇಕಂತೆ. ದೊಡ್ಡ ಉಪಕಾರ ಆಯ್ತು ಅಂತ ಹೇಳ್ಬೇಕಂತೆ. ಅವರಿಗೆ ಕಿವಿ ಮಂದ, ನೀವೇನೂ ಹೇಳ್ಬೇಡಿ, ಸುಮ್ನೆ ಹೂಂ ಅನ್ನಿ, ಸಾಕು... ಅಣ್ಣಾ?... ಹಲೋ?... ಹಲೋ?... ಇಟ್ಟೇಬಿಟ್ರಾ...

ತಗೊಳ್ಳಿ ಅಪ್ಪಾ. ಲೈನಲ್ಲಿದ್ದಾರೆ, ಮಾತಾಡಿ.